ಪತ್ರಿಕೋದ್ಯಮ ಮತ್ತು ಓದುಗ–ವೀಕ್ಷಕ ಸಂಶೋಧನೆ: ಬೆಂಗಳೂರು ಹೊರವಲಯ

ಸುದ್ದಿ ಹೇಗೆ ತಯಾರಾಗುತ್ತದೆ, ಅದನ್ನು ಓದಿದ, ಕೇಳಿದ, ನೋಡಿದ ಜನ ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ಸಮೀಕ್ಷೆ, ವಿಷಯ ವಿಶ್ಲೇಷಣೆ ಹಾಗೂ ಕ್ಷೇತ್ರಕಾರ್ಯದ ಮೂಲಕ ಪರಿಶೀಲಿಸುವ ಸಮಾಜವಿಜ್ಞಾನದ ಶಾಖೆಯೇ ಪತ್ರಿಕೋದ್ಯಮ ಮತ್ತು ಓದುಗ–ವೀಕ್ಷಕ ಸಂಶೋಧನೆ. ಮಾರುಕಟ್ಟೆ ಸಮೀಕ್ಷೆ ಇದರ ನೆರೆಯ ಕ್ಷೇತ್ರ. ಎರಡೂ ಬಳಸುವ ಸಲಕರಣೆ ಬಹುಮಟ್ಟಿಗೆ ಒಂದೇ, ಕೇಳುವ ಪ್ರಶ್ನೆ ಬೇರೆ. ಎಷ್ಟು ಜನ ನೋಡಿದರು ಎಂಬುದು ಗೊತ್ತಾದರೆ ಜಾಹೀರಾತುದಾರನ ಕೆಲಸ ಮುಗಿಯಿತು; ನೋಡಿದ ಮೇಲೆ ಏನಾಯಿತು ಎಂಬಲ್ಲಿಂದ ಸಂಶೋಧಕನ ಕೆಲಸ ಶುರು. ಈ ಲೇಖನ ಆ ಶಾಖೆಯನ್ನು ಕರ್ನಾಟಕದ ಮಟ್ಟಿಗೆ, ಅದರಲ್ಲೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯವನ್ನೊಳಗೊಂಡ ಬೆಂಗಳೂರು ಹೊರವಲಯದ ಮಟ್ಟಿಗೆ ವಿವರಿಸುತ್ತದೆ.

ಇಲ್ಲಿ 'ಪ್ರಸಾರ ಸಂಖ್ಯೆ' ಎಂದರೆ ಮಾರಾಟವಾದ ಪ್ರತಿಗಳ ಲೆಕ್ಕ. 'ಓದುಗ ಸಂಖ್ಯೆ' ಎಂದರೆ ಆ ಪ್ರತಿಗಳನ್ನು ಓದಿದವರ ಲೆಕ್ಕ. ಒಂದೇ ಪ್ರತಿ ಕ್ಷೌರದಂಗಡಿಯಲ್ಲಿ ಇಡೀ ದಿನ ಕೈಯಿಂದ ಕೈಗೆ ಹೋಗುವುದರಿಂದ ಇವೆರಡೂ ಎಂದೂ ಸರಿಹೊಂದುವುದಿಲ್ಲ. ಓದಿದ್ದನ್ನು ಜನ ತಮ್ಮ ಬದುಕಿನ ಬೆಳಕಿನಲ್ಲಿ ಹೇಗೆ ಅರ್ಥ ಮಾಡಿಕೊಂಡರು ಎಂಬುದರ ಪರಿಶೀಲನೆಯನ್ನು 'ಸ್ವೀಕಾರ ಅಧ್ಯಯನ' ಎನ್ನಲಾಗಿದೆ.

ಪ್ರದೇಶ

ವೈಟ್‌ಫೀಲ್ಡ್ 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ವಸಾಹತಾಗಿ ಹುಟ್ಟಿತು, ಡಿ. ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. 1990ರ ದಶಕದ ಕೊನೆಯಲ್ಲಿ ಅಂತರರಾಷ್ಟ್ರೀಯ ಟೆಕ್ ಪಾರ್ಕ್, ಅಂದರೆ ಐಟಿಪಿಎಲ್ ತೆರೆದ ಮೇಲೆ ಊರಿನ ಚಹರೆಯೇ ಬದಲಾಯಿತು. ಎಲೆಕ್ಟ್ರಾನಿಕ್ ಸಿಟಿಯನ್ನು ರಾಜ್ಯ ಸರ್ಕಾರದ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಆರಂಭಿಸಿತು. ಅದರ ಹಿಂದಿದ್ದವರು ಆರ್. ಕೆ. ಬಾಳಿಗ. ಪೀಣ್ಯ ಅದೇ ದಶಕದಲ್ಲಿ ಬೆಳೆದ ಸಣ್ಣ ಕೈಗಾರಿಕೆಗಳ ನೆಲೆ: ಲೇತ್, ಟೂಲ್‌ರೂಮ್, ಪ್ಲೇಟಿಂಗ್, ಗಾರ್ಮೆಂಟ್ಸ್.

ಸಂಶೋಧನೆಯ ದೃಷ್ಟಿಯಿಂದ ಈ ಮೂರೂ ಕಡೆ ಸಮಾನವಾದ ಒಂದು ಸಂಗತಿಯಿದೆ. ಇಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲಿನವರು ಸಂಸಾರಸಮೇತ ಸ್ವಂತ ಮನೆಯಲ್ಲಿಲ್ಲ. ಪೀಜಿಯಲ್ಲಿ, ಹಂಚಿಕೊಂಡ ಬಾಡಿಗೆ ರೂಮಿನಲ್ಲಿ, ಕಟ್ಟಡ ಕಾಮಗಾರಿಯ ತಗಡಿನ ಶೆಡ್ಡಿನಲ್ಲಿ ಇದ್ದಾರೆ. ಪಾಳಿ ಪ್ರಕಾರ ಎದ್ದು, ಪಾಳಿ ಪ್ರಕಾರ ಮಲಗುತ್ತಾರೆ. ಮನೆ ಬಾಗಿಲಿಗೆ ಬೀಳುವ ಪತ್ರಿಕೆ, ಹಾಲಿನಲ್ಲಿರುವ ಟಿವಿ ಇವನ್ನೇ ಆಧಾರ ಮಾಡಿಕೊಂಡು ಬೆಳೆದ ಅಳತೆಯ ವಿಧಾನಗಳಿಗೆ ಇವರು ಸುಲಭವಾಗಿ ಸಿಕ್ಕುವುದಿಲ್ಲ. ಹೊರವಲಯದ ಮಾಧ್ಯಮ ಸಂಶೋಧನೆಯ ಇತಿಮಿತಿಗಳೆಲ್ಲ ಬಹುಪಾಲು ಇಲ್ಲಿಂದಲೇ ಹೊರಡುತ್ತವೆ.

ಹುಟ್ಟು ಮತ್ತು ಬೆಳವಣಿಗೆ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಕತ್ವದಲ್ಲಿ ಹೊರಟಿತು. ಪತ್ರಿಕೆಯನ್ನು ಕುರಿತ ವ್ಯವಸ್ಥಿತ ಅಧ್ಯಯನ ಶುರುವಾಗಲು ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮ ಬೋಧನೆ ಆರಂಭವಾಯಿತು. ಅದನ್ನು ಕಟ್ಟಿದ ನಾಡಿಗ ಕೃಷ್ಣಮೂರ್ತಿಯವರು ಭಾರತೀಯ ಪತ್ರಿಕೋದ್ಯಮದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು. ಮೈಸೂರು ವಿಶ್ವವಿದ್ಯಾನಿಲಯ ಅದನ್ನು 1966ರಲ್ಲಿ ಪ್ರಕಟಿಸಿತು. ಅದೇ ಕಾಲೇಜಿಗೆ ಇನ್ನೊಂದು ಹಿರಿಮೆಯೂ ಇದೆ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ 'ಆಕಾಶವಾಣಿ'ಗೆ ನೆಲೆ ಹಾಕಿದ ಎಂ. ವಿ. ಗೋಪಾಲಸ್ವಾಮಿ ಅಲ್ಲಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕೇಳುಗರ ಮನಸ್ಸನ್ನು ಓದುವುದನ್ನೇ ವಿದ್ಯೆಯಾಗಿ ಕಲಿತವರೊಬ್ಬರು ನಾಡಿನ ಪ್ರಸಾರವನ್ನು ಆರಂಭಿಸಿದ್ದು ಈ ಶಾಖೆಯ ಇತಿಹಾಸದಲ್ಲಿ ಗಮನಾರ್ಹ. ಬೆಂಗಳೂರು ಆಕಾಶವಾಣಿ ಕೇಂದ್ರ 1955ರಲ್ಲಿ ಬಂತು.

ಬೆಂಗಳೂರು ವಿಶ್ವವಿದ್ಯಾಲಯದ ಸಂವಹನ ವಿಭಾಗ 1970ರ ದಶಕದಲ್ಲಿ ರೂಪುಗೊಂಡಿತು. ಕೆ. ಇ. ಈಪನ್, ಎಚ್. ಎಸ್. ಈಶ್ವರ, ಲೀಲಾ ರಾವ್ ಮೊದಲಾದವರು ಅಲ್ಲಿ ಪಾಠದ ಜೊತೆಗೆ ಸಂಶೋಧನೆಯನ್ನೂ ಬೆಳೆಸಿದರು. ಪತ್ರಿಕೋದ್ಯಮವೆಂದರೆ ವರದಿ ಬರೆಯುವ ಕಸುಬಿನ ತರಬೇತಿ ಎಂಬ ಭಾವನೆ ಹೋಗಿ, ಅದು ಸಮಾಜವಿಜ್ಞಾನದ ವಿಷಯವೂ ಹೌದು ಎಂಬ ನಿಲುವು ಕರ್ನಾಟಕದಲ್ಲಿ ಗಟ್ಟಿಯಾದದ್ದು ಈ ಕಾಲದಲ್ಲಿ. ಆಮೇಲೆ ಧಾರವಾಡ, ಮಂಗಳೂರು, ಕಲಬುರಗಿ, ಶಂಕರಘಟ್ಟದ ವಿಶ್ವವಿದ್ಯಾಲಯಗಳಲ್ಲೂ ವಿಭಾಗಗಳು ಬಂದವು.

ಜನಸ್ಪಂದನವನ್ನು ಅಳೆಯುವ ದೊಡ್ಡ ಪ್ರಯತ್ನ ನಡೆದದ್ದು ಮಾತ್ರ ಬೆಂಗಳೂರಿನಲ್ಲಲ್ಲ, ಉತ್ತರ ಕರ್ನಾಟಕದಲ್ಲಿ. ಉಪಗ್ರಹದ ಮೂಲಕ ಶಿಕ್ಷಣ ನೀಡುವ 'ಸೈಟ್' ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿತು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಊರ ಮಧ್ಯೆ ಒಂದು ಟಿವಿ, ಅದರ ಪಕ್ಕದಲ್ಲಿ ಜಾಲರಿ ತಟ್ಟೆಯ ಆಂಟೆನಾ. ಇಸ್ರೊ ಇದರ ಸಾಮಾಜಿಕ ಮೌಲ್ಯಮಾಪನಕ್ಕೆ ಪ್ರಶ್ನಾವಳಿ ಹಿಡಿದ ಸಮೀಕ್ಷಕರನ್ನಷ್ಟೇ ಕಳಿಸಲಿಲ್ಲ. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರನ್ನೇ ಬಹುಕಾಲ ಇರಿಸಿತು. ಯಾರು ಮುಂದೆ ಕೂರುತ್ತಾರೆ, ಯಾರು ದೂರದಲ್ಲಿ ನಿಲ್ಲುತ್ತಾರೆ, ಹೆಂಗಸರು ಯಾವಾಗ ಎದ್ದು ಹೋಗುತ್ತಾರೆ ಎಂಬಂಥ ಸಂಗತಿಗಳು ಅಂಕಿಅಂಶದಷ್ಟೇ ಮುಖ್ಯವೆನಿಸಿದವು. ಮೊದಲ ದಿನಗಳ ನೂಕುನುಗ್ಗಲು ಹೆಚ್ಚು ದಿನ ಉಳಿಯಲಿಲ್ಲ ಎಂಬುದು ಅಲ್ಲಿ ಕಂಡ ಒಂದು ಸತ್ಯ. ಗುಂಪಾಗಿ ಕೂತು ನೋಡುವ, ಸ್ವಂತ ಟಿವಿ ಇಲ್ಲದ ವೀಕ್ಷಕರನ್ನು ಹೀಗೆ ಹತ್ತಿರದಿಂದ ನೋಡಿದ ಆ ವಿಧಾನ ಮುಂದೆ ನಗರಕ್ಕೆ ಬರಬೇಕಿತ್ತು. ಬಂದದ್ದು ಬಹಳ ಕಡಿಮೆ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾದ ಮೇಲೆ ಟಿವಿ ಮನೆಯೊಳಗಿನ ವಸ್ತುವಾಯಿತು, ಸಂಶೋಧನೆಯೂ ಅದರ ಹಿಂದೆಯೇ ಮನೆಯೊಳಗೆ ಹೋಯಿತು.

ಸಿದ್ಧಾಂತಗಳು ಬಹುಮಟ್ಟಿಗೆ ಹೊರಗಿನಿಂದ ಬಂದವು. ಅಮೆರಿಕದಲ್ಲಿ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರ ಚುನಾವಣೆಯನ್ನು ಅಭ್ಯಸಿಸಿ, ಮಾಧ್ಯಮದ ಮಾತು ಊರಿನ ಬಲ್ಲವರ ಮೂಲಕ ಜನರಿಗೆ ತಲುಪುತ್ತದೆ ಎಂದು ತೋರಿಸಿದರು. ಮೆಕೋಂಬ್ಸ್ ಮತ್ತು ಶಾ 1968ರಲ್ಲಿ ಚಾಪೆಲ್ ಹಿಲ್‌ನ 100 ಮತದಾರರನ್ನು ಮಾತಾಡಿಸಿ, 1972ರಲ್ಲಿ ಕಾರ್ಯಸೂಚಿ ನಿರ್ಧಾರದ ಸಿದ್ಧಾಂತ ಮಂಡಿಸಿದರು: ಯಾವುದರ ಬಗ್ಗೆ ಯೋಚಿಸಬೇಕೆಂಬುದನ್ನು ಪತ್ರಿಕೆ ತೀರ್ಮಾನಿಸುತ್ತದೆ. ಬ್ರಿಟನ್ನಿನಲ್ಲಿ ಸ್ಟುವರ್ಟ್ ಹಾಲ್ 1973ರಲ್ಲಿ, ಒಂದೇ ಸುದ್ದಿಯನ್ನು ನೋಡುಗ ಒಪ್ಪಬಹುದು, ತಿದ್ದಿಕೊಳ್ಳಬಹುದು, ತಿರಸ್ಕರಿಸಲೂಬಹುದು ಎಂದರು. ಕರ್ನಾಟಕದ ಪಿಎಚ್‌.ಡಿ. ಪ್ರಬಂಧಗಳಲ್ಲಿ ಮೊದಲೆರಡು ಸಿದ್ಧಾಂತಗಳಿಗೆ ಸಿಕ್ಕ ಜಾಗ ಮೂರನೆಯದಕ್ಕೆ ತಡವಾಗಿ ಸಿಕ್ಕಿತು. ಲೆಕ್ಕ ಮಾಡುವುದು ಸುಲಭ, ಕೂತು ಕೇಳಿಸಿಕೊಳ್ಳುವುದು ಕಷ್ಟ ಎಂಬುದು ಇದಕ್ಕೊಂದು ಕಾರಣ.

ಅಳತೆಯ ವಿಧಾನಗಳು

ಪ್ರಸಾರ ಸಂಖ್ಯೆಯನ್ನು 1948ರಲ್ಲಿ ಸ್ಥಾಪನೆಯಾದ ಆಡಿಟ್ ಬ್ಯೂರೊ ಆಫ್ ಸರ್ಕ್ಯುಲೇಷನ್ಸ್ (ಎಬಿಸಿ) ದೃಢೀಕರಿಸುತ್ತದೆ. 'ಡೆಕ್ಕನ್ ಹೆರಾಲ್ಡ್', 'ಪ್ರಜಾವಾಣಿ' ಎರಡೂ ಹುಟ್ಟಿದ್ದು ಅದೇ ವರ್ಷ. ಓದುಗ ಸಂಖ್ಯೆಯ ರಾಷ್ಟ್ರೀಯ ಸಮೀಕ್ಷೆ 1970ರಲ್ಲಿ ಮೊದಲಾಯಿತು. ಆಮೇಲೆ ಪ್ರಮುಖವಾದ ಇಂಡಿಯನ್ ರೀಡರ್‌ಶಿಪ್ ಸರ್ವೆ, ಅಂದರೆ ಐಆರ್‌ಎಸ್ 1990ರ ದಶಕದ ಮಧ್ಯಭಾಗದ್ದು. ಸಮೀಕ್ಷೆಯವರು ಆಯ್ದ ಮನೆಗೆ ಹೋಗಿ ಪತ್ರಿಕೆಗಳ ಹೆಸರಿನ ಪಟ್ಟಿಗಳನ್ನು ಒಂದೊಂದಾಗಿ ತೋರಿಸಿ, ಇದನ್ನು ಕೊನೆಯ ಬಾರಿ ಓದಿದ್ದು ಯಾವಾಗ ಎಂದು ಕೇಳುತ್ತಾರೆ. ಉತ್ತರ 'ನಿನ್ನೆ' ಎಂದಾದರೆ ಒಂದು ಲೆಕ್ಕ, 'ಈ ತಿಂಗಳಲ್ಲಿ' ಎಂದಾದರೆ ಇನ್ನೊಂದು. ಪತ್ರಿಕೆಗಳು ತಮ್ಮ ಜಾಹೀರಾತಿಗೆ ಯಾವುದು ದೊಡ್ಡದೋ ಅದನ್ನು ಆರಿಸಿಕೊಳ್ಳುವುದು ರೂಢಿ. 2013ರ ಸಮೀಕ್ಷೆಯ ಫಲಿತಾಂಶ ಹೊರಬಿದ್ದಾಗ ದೇಶದ ಹಲವು ಪತ್ರಿಕಾ ಸಂಸ್ಥೆಗಳು ಅದನ್ನು ಬಹಿರಂಗವಾಗಿಯೇ ತಿರಸ್ಕರಿಸಿದವು.

ಟಿವಿ ವೀಕ್ಷಣೆಯನ್ನು 2015ರಿಂದ ಪ್ರಸಾರ ವೀಕ್ಷಕರ ಸಂಶೋಧನಾ ಮಂಡಳಿ (ಬಾರ್ಕ್) ಅಳೆಯುತ್ತಿದೆ. ಆಯ್ದ ಮನೆಯ ಟಿವಿಗೆ ಮೀಟರ್ ಜೋಡಿಸಿ, ವಾಹಿನಿಗಳು ತಮ್ಮ ಧ್ವನಿಯಲ್ಲಿ ಹುದುಗಿಸಿದ, ಕಿವಿಗೆ ಕೇಳಿಸದ ಗುರುತನ್ನು ಅದು ಹಿಡಿಯುವಂತೆ ಮಾಡಲಾಗುತ್ತದೆ. ಮನೆಯ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಅಜ್ಜಿ, ಅಪ್ಪ, ಮಗಳು ಎಂದು ಗುರುತಿಸಬಹುದಾದ ಕುಟುಂಬಕ್ಕೆ ಇದು ಹೊಂದುತ್ತದೆ. ತಿಂಗಳಿಗೊಮ್ಮೆ ಜನ ಬದಲಾಗುವ ಪೀಜಿಯ ಊಟದ ಹಾಲಿನ ಟಿವಿಗೆ ಹೊಂದುವುದಿಲ್ಲ.

ಗ್ರಾಹಕ ಕುಟುಂಬಗಳ ವರ್ಗೀಕರಣದಲ್ಲೂ ಇದೇ ತೊಡಕು. 2011ರಲ್ಲಿ ಬಂದ ಎನ್‌ಸಿಸಿಎಸ್ ಪದ್ಧತಿ ಮನೆಯ ಮುಖ್ಯ ದುಡಿಮೆಗಾರರ ವಿದ್ಯಾಭ್ಯಾಸ ಮತ್ತು ಮನೆಯಲ್ಲಿರುವ 11 ವಸ್ತುಗಳ ಆಧಾರದ ಮೇಲೆ ಕುಟುಂಬದ ದರ್ಜೆ ನಿರ್ಧರಿಸುತ್ತದೆ. ವಿದ್ಯುತ್ ಸಂಪರ್ಕ, ಫ್ಯಾನು, ಗ್ಯಾಸ್ ಒಲೆ, ದ್ವಿಚಕ್ರ ವಾಹನ, ಬಣ್ಣದ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರ್, ಕಾರು, ಎಸಿ, ಜಮೀನು ಆ ಪಟ್ಟಿಯಲ್ಲಿವೆ. ಕೋರಮಂಗಲದ ಸಂಸಾರಕ್ಕೆ ಈ ಪಟ್ಟಿ ಸರಿ. ದೊಡ್ಡತೋಗೂರಿನ ಪೀಜಿಯಲ್ಲಿರುವ ಎಂಜಿನಿಯರಿಗೆ ಫ್ರಿಜ್, ವಾಷಿಂಗ್ ಮೆಷಿನ್, ಟಿವಿ ಎಲ್ಲವೂ ಸಿಗುತ್ತವೆ, ಆದರೆ ಯಾವುದೂ ಅವರದಲ್ಲ. ಪೀಣ್ಯದ ಲೇತ್ ಆಪರೇಟರಿಗೆ ಊರಿನಲ್ಲಿ ಜಮೀನಿರುತ್ತದೆ, ಇಲ್ಲಿ ಬರೀ ಫ್ಯಾನಿರುತ್ತದೆ.

ರೇಡಿಯೊಗೆ ದಿನಚರಿ ವಿಧಾನ ಬಳಕೆಯಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೊ ಸಿಟಿ 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಆರಂಭವಾಗಿತ್ತು. 2007ರಲ್ಲಿ ಬಂದ ರೇಡಿಯೊ ಸಮೀಕ್ಷೆಯಲ್ಲಿ ಬೆಂಗಳೂರು ಮೊದಲ ನಗರಗಳಲ್ಲೊಂದು. ಕೇಳುಗರು ಯಾವ ಹೊತ್ತಿನಲ್ಲಿ ಯಾವ ಕೇಂದ್ರ ಕೇಳಿದೆವೆಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕಾರಿನೊಳಗೆ ಕೇಳಿದ್ದನ್ನು ರಾತ್ರಿ ನೆನಪು ಮಾಡಿಕೊಂಡು ಬರೆಯುವ ಈ ಲೆಕ್ಕದ ನಿಖರತೆ ಸೀಮಿತ.

ಸುದ್ದಿಮನೆಯ ಅಧ್ಯಯನಗಳು

ಬೆಂಗಳೂರಿನ ಸುದ್ದಿಲೋಕವನ್ನೇ ವಸ್ತುವಾಗಿಸಿಕೊಂಡ ಮುಖ್ಯ ಶೈಕ್ಷಣಿಕ ಕೃತಿ ಸಹನಾ ಉಡುಪ ಅವರದು. ಪತ್ರಕರ್ತೆಯಾಗಿದ್ದ ಅವರು ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು. 'ಮೇಕಿಂಗ್ ನ್ಯೂಸ್ ಇನ್ ಗ್ಲೋಬಲ್ ಇಂಡಿಯಾ' 2015ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಬಂತು. ಇಂಗ್ಲಿಷ್ ಮತ್ತು ಕನ್ನಡ ಸುದ್ದಿಮನೆಗಳಲ್ಲಿ ಕ್ಷೇತ್ರಕಾರ್ಯ ಮಾಡಿ, ಐಟಿ ಕಾಲದ ನಗರವನ್ನು 'ವಿಶ್ವದರ್ಜೆ'ಯಾಗಿಸುವ ಕನಸನ್ನು ಇಂಗ್ಲಿಷ್ ಪತ್ರಿಕೆಗಳು ಹೇಗೆ ಬಿತ್ತಿದವು, ಕನ್ನಡ ಪತ್ರಿಕೆಗಳು ಅದನ್ನು ಹೇಗೆ ಪ್ರಶ್ನಿಸಿದವು, ಕೆಲವೊಮ್ಮೆ ಹೇಗೆ ತಾವೂ ಕಂಡವು ಎಂಬುದನ್ನು ಅವರು ವಿಶ್ಲೇಷಿಸುತ್ತಾರೆ. ಭಾಷೆ ಮತ್ತು ಜಾತಿಯ ಸಂಬಂಧಗಳು ಸುದ್ದಿಯ ಆಯ್ಕೆಯಲ್ಲಿ ವಹಿಸುವ ಪಾತ್ರವನ್ನೂ ಮರೆಮಾಚದೆ ಹೇಳುತ್ತಾರೆ. ಎಸ್. ಎಂ. ಕೃಷ್ಣ ಸರ್ಕಾರ 1999ರಲ್ಲಿ ನಂದನ್ ನಿಲೇಕಣಿ ನೇತೃತ್ವದಲ್ಲಿ ರಚಿಸಿದ ಬೆಂಗಳೂರು ಕಾರ್ಯಸೂಚಿ ಕಾರ್ಯಪಡೆ, 1999ರಲ್ಲೇ ವಿಜಯ ಸಂಕೇಶ್ವರರು ಆರಂಭಿಸಿದ 'ವಿಜಯ ಕರ್ನಾಟಕ'ವನ್ನು ಟೈಮ್ಸ್ ಸಮೂಹ 2006ರಲ್ಲಿ ಕೊಂಡದ್ದು, ಇವು ಆ ಕಾಲದ ಹಿನ್ನೆಲೆ. ರಾಬಿನ್ ಜೆಫ್ರಿಯವರ 2000ದ 'ಇಂಡಿಯಾಸ್ ನ್ಯೂಸ್‌ಪೇಪರ್ ರೆವಲ್ಯೂಷನ್' ಕನ್ನಡವನ್ನೂ ಸೇರಿಸಿ ಭಾರತೀಯ ಭಾಷಾ ಪತ್ರಿಕೆಗಳ ಬೆಳವಣಿಗೆಯನ್ನು ವಿವರಿಸುತ್ತದೆ.

ಹೊರಗುತ್ತಿಗೆ ಪತ್ರಿಕೋದ್ಯಮ ಈ ನಗರಕ್ಕೆ ವಿಶಿಷ್ಟವಾದ ಇನ್ನೊಂದು ವಸ್ತು. ಸುದ್ದಿಸಂಸ್ಥೆ ರಾಯಿಟರ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಅಮೆರಿಕದ ಕಂಪನಿಗಳ ಹಣಕಾಸು ಸುದ್ದಿಯನ್ನು ಇಲ್ಲಿಂದಲೇ ಬರೆಸತೊಡಗಿತು. ನ್ಯೂಯಾರ್ಕ್ ಮಾರುಕಟ್ಟೆಯ ಗಡಿಯಾರಕ್ಕೆ ತಕ್ಕ ಪಾಳಿ, ಎಂದೂ ಕಾಣದ ಊರಿನ ಕಂಪನಿ, ಎಂದೂ ಭೇಟಿಯಾಗದ ಓದುಗ. ಕಾಲ್ ಸೆಂಟರಿನ ದುಡಿಮೆಯನ್ನು ಕುರಿತ ಪ್ರಶ್ನೆಗಳೇ ಸುದ್ದಿಯ ಕೆಲಸಕ್ಕೂ ಅನ್ವಯವಾದವು.

ಜನಸ್ಪಂದನದ ಪ್ರಕರಣಗಳು

ಮೀಟರಿಗೆ ಸಿಗದ ಜನ ಸಂಶೋಧಕರ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಗಲಭೆ, ವದಂತಿ, ಚಳವಳಿಗಳ ಹೊತ್ತಿನಲ್ಲಿ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿದಾಗ ಹಿಂಸಾಚಾರ ನಡೆದು ಜೀವಹಾನಿಯಾಯಿತು, ವಾರ್ತೆ ನಿಂತಿತು. ಇದು ವಾರ್ತೆಯೊಳಗಿನ ಮಾತಿಗೆ ಬಂದ ಪ್ರತಿಕ್ರಿಯೆಯಲ್ಲ, ವಾರ್ತೆಯ ಭಾಷೆಗೆ ಬಂದದ್ದು. ಕಾರ್ಯಕ್ರಮದ ಪರಿಣಾಮವನ್ನಷ್ಟೇ ಅಳೆಯುವ ಪದ್ಧತಿಗೆ ಇದು ಸುಲಭವಾಗಿ ಒಗ್ಗುವುದಿಲ್ಲ.

ಕನ್ನಡ ಚಿತ್ರನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ 2000ದ ಜುಲೈ 30ರಂದು ಅಪಹರಿಸಿ 108 ದಿನ ಒತ್ತೆಯಿಟ್ಟದ್ದು, 2006ರ ಏಪ್ರಿಲ್ 12ರಂದು ಅವರು ತೀರಿಕೊಂಡದ್ದು, ಎರಡೂ ಸಂದರ್ಭಗಳಲ್ಲಿ ನಗರ ಸ್ತಬ್ಧವಾಯಿತು, ಐಟಿ ಕಂಪನಿಗಳು ಬಾಗಿಲು ಹಾಕಿದವು. ವಿದೇಶಿ ಪತ್ರಿಕೆಗಳಿಗೆ ಆ ಸಾವು ತಂತ್ರಜ್ಞಾನ ನಗರಿಯ ನಷ್ಟದ ಸುದ್ದಿ. ಕನ್ನಡ ಓದುಗರಿಗೆ ಮನೆಯ ಸಾವಿನ ಸುದ್ದಿ. ನಗರದ ಭಾಷಾ ರಾಜಕಾರಣವನ್ನು ಜಾನಕಿ ನಾಯರ್ 2005ರ 'ದ ಪ್ರಾಮಿಸ್ ಆಫ್ ದ ಮೆಟ್ರೊಪೊಲಿಸ್' ಕೃತಿಯಲ್ಲೂ, ತಾರೆ ಮತ್ತು ಅಭಿಮಾನಿಗಳ ಸಂಬಂಧವನ್ನು ಎಂ. ಮಾಧವ ಪ್ರಸಾದ್ 2014ರ 'ಸಿನಿ-ಪಾಲಿಟಿಕ್ಸ್' ಕೃತಿಯಲ್ಲೂ ಚರ್ಚಿಸಿದ್ದಾರೆ.

2012ರ ಆಗಸ್ಟ್ ಮಧ್ಯಭಾಗದ ಘಟನೆ ಹೊರವಲಯಕ್ಕೆ ಇನ್ನೂ ಹತ್ತಿರದ್ದು. ಅಸ್ಸಾಮಿನ ಕೊಕ್ರಝಾರ್ ಹಿಂಸಾಚಾರದ ಬೆನ್ನಲ್ಲೇ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ಎಸ್‌ಎಂಎಸ್ ಹರಡಿತು. ಕಾವಲುಗಾರರು, ಹೋಟೆಲ್ ಮತ್ತು ಪಾರ್ಲರ್ ನೌಕರರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಸಗಟು ಎಸ್‌ಎಂಎಸ್ ತಡೆದು, ದಿನಕ್ಕೆ 5ಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಮಿತಿ ಹಾಕಿತು. ಆಗ ತಡೆಹಿಡಿದ ಅಂತರ್ಜಾಲ ಪುಟ ಮತ್ತು ಖಾತೆಗಳ ಪಟ್ಟಿಯನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಪರಿಶೀಲಿಸಿ 309 ಬಾಬ್ತುಗಳನ್ನು ಎಣಿಸಿತು. ಸಂಶೋಧನೆಗೆ ಇಲ್ಲಿ ಎರಡು ಪಾಠ ಸಿಕ್ಕವು. ಅಪರಿಚಿತರ ಬೆದರಿಕೆಗಿಂತ ಪರಿಚಿತರು ಕಳಿಸಿದ ಎಚ್ಚರಿಕೆಯೇ ಹೆಚ್ಚು ಕೆಲಸ ಮಾಡಿತು. ಲಾಜರ್ಸ್‌ಫೆಲ್ಡ್ ಹೇಳಿದ ಎರಡು ಹಂತದ ಹರಿವು ಮೊಬೈಲಿನಲ್ಲೂ ನಡೆದಿತ್ತು. ತುಂಬಿದ ಪ್ಲಾಟ್‌ಫಾರ್ಮಿನ ದೃಶ್ಯವನ್ನು ಟಿವಿ ಮತ್ತೆ ಮತ್ತೆ ತೋರಿಸಿದಾಗ, ವದಂತಿಗೆ ಸಾಕ್ಷ್ಯ ಸಿಕ್ಕಂತಾಯಿತು.

2016ರ ಸೆಪ್ಟೆಂಬರಿನ ಕಾವೇರಿ ಗಲಭೆಗೆ ಮುನ್ನ ಹಲ್ಲೆಯ ವಿಡಿಯೊಗಳು ಕರ್ನಾಟಕ, ತಮಿಳುನಾಡು ಎರಡೂ ಕಡೆ ಓಡಾಡಿದವು. ಪೀಣ್ಯವೂ ಸೇರಿ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರೆಂಬ ವದಂತಿ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬೊಬ್ಬರನ್ನು ಬಲಿ ತೆಗೆದುಕೊಂಡಿತು. ಶಕುಂತಲಾ ಬಾನಾಜಿ ಮತ್ತು ರಾಮ್ ಭಟ್ ನೇತೃತ್ವದಲ್ಲಿ, ಕರ್ನಾಟಕದಲ್ಲೂ ಕ್ಷೇತ್ರಕಾರ್ಯ ನಡೆಸಿ 2019ರಲ್ಲಿ ಪ್ರಕಟವಾದ ವಾಟ್ಸ್ಆ್ಯಪ್ ಅಧ್ಯಯನ ಆವರೆಗಿನ ಒಂದು ನಂಬಿಕೆಯನ್ನು ಅಲ್ಲಾಡಿಸಿತು. ಸುಳ್ಳನ್ನು ಮುಂದಕ್ಕೆ ಕಳಿಸುವವರು ಮೊಬೈಲ್ ತಿಳಿವಳಿಕೆ ಇಲ್ಲದ ಮುಗ್ಧರಲ್ಲ; ಅನೇಕರು ಚೆನ್ನಾಗಿ ಬಲ್ಲವರೇ, ಅವರ ಪೂರ್ವಗ್ರಹಕ್ಕೆ ಆ ಸಂದೇಶ ಒಪ್ಪುತ್ತದೆ ಎಂಬುದು ಅದರ ನಿಲುವು.

ಸಂಘಟಿತ ಸ್ಪಂದನಗಳೂ ಇವೆ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡದಂತೆ ಚಿತ್ರರಂಗ ಒಡ್ಡಿದ್ದ ತಡೆಯ ವಿರುದ್ಧ ಕನ್ನಡ ಗ್ರಾಹಕರ ಕೂಟ 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರಲ್ಲಿ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಯ ವಿರುದ್ಧ ತೀರ್ಪಿತ್ತಿತು. ಪ್ರೇಕ್ಷಕನೆಂದರೆ ಅಭಿಮಾನಿ ಎಂದಷ್ಟೇ ತಿಳಿದಿದ್ದ ಚರ್ಚೆಗೆ, ಹಕ್ಕು ಕೇಳುವ ಗ್ರಾಹಕ ಎಂಬ ಹೊಸ ಪಾತ್ರ ಸೇರಿದ್ದು ಹೀಗೆ. 2013ರಲ್ಲಿ ಹುಟ್ಟಿದ ವೈಟ್‌ಫೀಲ್ಡ್ ರೈಸಿಂಗ್ ರಸ್ತೆ, ಕೆರೆ, ಕಸದ ಸುದ್ದಿಯನ್ನು ನಿವಾಸಿಗಳೇ ಫೇಸ್‌ಬುಕ್ಕಿನಲ್ಲಿ ಬರೆಯುವಂತೆ ಮಾಡಿತು. 2017ರ 'ನಮ್ಮ ಮೆಟ್ರೊ ಹಿಂದಿ ಬೇಡ' ಅಭಿಯಾನ ಜಾಲತಾಣಗಳಲ್ಲಿ ಬೆಳೆದು, ನಿಲ್ದಾಣಗಳ ಹಿಂದಿ ಫಲಕ ತೆಗೆಸುವಲ್ಲಿಗೆ ತಲುಪಿತು.

ಉಪಯೋಗ

ಈ ಸಂಶೋಧನೆಯ ಫಲವನ್ನು ಜಾಹೀರಾತು ಸಂಸ್ಥೆಗಳು ದರ ನಿಗದಿಗೆ, ಪತ್ರಿಕೆಗಳು ಪುರವಣಿ ಮತ್ತು ಆವೃತ್ತಿ ವಿಂಗಡಣೆಗೆ, ಸರ್ಕಾರ ಆರೋಗ್ಯ ಮತ್ತು ಚುನಾವಣಾ ಪ್ರಚಾರಕ್ಕೆ ಬಳಸುತ್ತವೆ. ವಿಶ್ವವಿದ್ಯಾಲಯದ ಪಠ್ಯಕ್ಕೆ ಹೋಗುವುದು ಇದರಲ್ಲಿ ಸಣ್ಣ ಪಾಲು.

ಇಂದಿನ ಸ್ಥಿತಿ

ಟಿಆರ್‌ಪಿ ತಿರುಚಿದ ಆರೋಪದ ಬಳಿಕ ಬಾರ್ಕ್ 2020ರ ಅಕ್ಟೋಬರಿನಲ್ಲಿ ಸುದ್ದಿ ವಾಹಿನಿಗಳ ರೇಟಿಂಗ್ ನಿಲ್ಲಿಸಿ, 2022ರ ಮಾರ್ಚಿನಲ್ಲಿ ನಾಲ್ಕು ವಾರಗಳ ಸರಾಸರಿಯಾಗಿ ಮತ್ತೆ ಕೊಡತೊಡಗಿತು. 2019ರ ಬಳಿಕ ಹಲವು ವರ್ಷ ಹೊಸ ಐಆರ್‌ಎಸ್ ಬರಲಿಲ್ಲ. ಕೋವಿಡ್ ಕಾಲದಲ್ಲಿ ಕಾಗದದಿಂದ ಸೋಂಕು ಬರುತ್ತದೆಂಬ ಭಯಕ್ಕೆ ಅಪಾರ್ಟ್‌ಮೆಂಟುಗಳು ಪತ್ರಿಕೆ ಹಂಚುವವರನ್ನು ಗೇಟಿನಲ್ಲೇ ತಡೆದವು. ಬಿಟ್ಟವರೆಲ್ಲ ಮತ್ತೆ ಚಂದಾದಾರರಾಗಲಿಲ್ಲ. ಈ ನಡುವೆ ಬೆಂಗಳೂರಿನಲ್ಲೇ ಕಚೇರಿಯಿರುವ ಡೈಲಿಹಂಟ್, ಶೇರ್‌ಚಾಟ್‌ನಂಥ ಕಂಪನಿಗಳು ಕನ್ನಡ ಓದುಗ ಯಾವ ಸುದ್ದಿಯ ಮೇಲೆ ಎಷ್ಟು ಹೊತ್ತು ನಿಂತ ಎಂಬುದನ್ನು ಸೆಕೆಂಡಿನ ಲೆಕ್ಕದಲ್ಲಿ ದಾಖಲಿಸಬಲ್ಲವಾಗಿವೆ. ಪೀಜಿಯವರೂ ಶೆಡ್ಡಿನವರೂ ಮೊದಲ ಬಾರಿಗೆ ಎಣಿಕೆಗೆ ಸಿಕ್ಕಿದ್ದು ಹೀಗೆ. ಆದರೆ ಆ ದತ್ತಾಂಶ ಕಂಪನಿಯ ಆಸ್ತಿ, ವಿಶ್ವವಿದ್ಯಾಲಯದ ಸಂಶೋಧಕರಿಗೆ ಸುಲಭವಾಗಿ ದಕ್ಕುವುದಿಲ್ಲ. ಜೊತೆಗೆ ಬೆರಳು ನಿಂತ ಹೊತ್ತು ಓದಿನ ಹೊತ್ತೂ ಅಲ್ಲ, ಒಪ್ಪಿಗೆಯೂ ಅಲ್ಲ.

ಆಕ್ಸ್‌ಫರ್ಡಿನ ರಾಯಿಟರ್ಸ್ ಅಧ್ಯಯನ ಸಂಸ್ಥೆ ಪ್ರತಿವರ್ಷ ಪ್ರಕಟಿಸುವ ಡಿಜಿಟಲ್ ಸುದ್ದಿ ವರದಿಯಲ್ಲಿ 2021ರಿಂದ ಭಾರತವೂ ಇದೆ. ಆ ಅಂಕಿಗಳು ಮುಖ್ಯವಾಗಿ ಇಂಗ್ಲಿಷ್ ಬಲ್ಲ, ಆನ್‌ಲೈನಿನಲ್ಲಿ ಸುದ್ದಿ ಓದುವವರಿಗೆ ಅನ್ವಯಿಸುತ್ತವೆ ಎಂದು ವರದಿಯೇ ಹೇಳಿಕೊಂಡಿದೆ. ಐಟಿಪಿಎಲ್ ಸುತ್ತಲಿನ ಓದುಗರ ಒಂದು ಭಾಗಕ್ಕೆ ಅವು ಹೊಂದಬಹುದು. ಪೀಣ್ಯ ಎರಡನೇ ಹಂತದ ಟೀ ಅಂಗಡಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಮೊಬೈಲ್ ನೋಡುವ ಕಾರ್ಮಿಕರ ಬಗ್ಗೆ ಅವುಗಳಿಂದ ಏನನ್ನೂ ಹೇಳಲಾಗದು.